ಒಂದು ತೆಂಗಿನಕಾಯಿ, ಎರಡು ದಿನದ ಊಟ: ತನಗೂ ತನ್ನವರಿಗೂ ಮನೆಯಡುಗೆ ಮಾಡುವ ಕ್ರಮ

ಒಬ್ಬರೇ ಇರುವ ಮನೆಯಲ್ಲಿ ಅಡುಗೆ ನಿಂತುಹೋಗುವುದು ಹೆಚ್ಚಾಗಿ ತೆಂಗಿನಕಾಯಿಯ ಮುಂದೆ. ಒಡೆದರೆ ಅರ್ಧವೂ ಮುಗಿಯುವುದಿಲ್ಲ, ಉಳಿದದ್ದು ಮರುದಿನಕ್ಕೆ ಲೋಳೆಯಾಗುತ್ತದೆ, ಒಂದು ಹೊಟ್ಟೆಗಾಗಿ ಇಷ್ಟೆಲ್ಲ ಯಾಕೆ ಎಂಬ ಯೋಚನೆ ಬರುತ್ತದೆ. ಅಲ್ಲಿಂದ ಮುಂದೆ ಹೋಟೆಲಿನ ಪೊಟ್ಟಣವೇ ಊಟವಾಗುತ್ತದೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನಮ್ಮ ಮನೆಯಲ್ಲಿ ದಿನಕ್ಕೆ ಮೂರು ನಾಲ್ಕು ಕಾಯಿ ಒಡೆಯುವುದನ್ನು ನೋಡಿ ಬೆಳೆದ ನಾನು, ಸರಕಾರಿ ಕೆಲಸದ ಮೇಲೆ ಪಾಲಕ್ಕಾಡಿಗೆ ಹೋಗಿ ಒಂದು ಕೋಣೆ, ಒಂದು ಒಲೆಯ ಬಿಡಾರದಲ್ಲಿ ಐದು ವರ್ಷ ಇದ್ದವನು. ಮೊದಲ ನಾಲ್ಕು ತಿಂಗಳು ಹೀಗೆಯೇ ಕಳೆದವು. ಒಂದು ದಿನ ಫೋನಿನಲ್ಲಿ ಈ ವಿಷಯ ಹೇಳಿದಾಗ ಅಬ್ಬೆ, ಅಂದರೆ ನನ್ನ ತಾಯಿ, ಕೊಟ್ಟ ಉತ್ತರ ಇಷ್ಟೇ: "ಕಣ್ಣಿಪ್ಪ ಕಡಿಯ ಇಂದು ಮುಗುಶು, ಇನ್ನೊಂದು ಕಡಿ ನಾಳಂಗೆ ಮಡುಗು." ಕಣ್ಣಿರುವ ಅರ್ಧವನ್ನು ಇಂದು ಮುಗಿಸು, ಇನ್ನೊಂದು ಅರ್ಧವನ್ನು ನಾಳೆಗೆ ಇಡು ಎಂದು ಅರ್ಥ.

ಆ ಒಂದು ಮಾತಿನಿಂದ ನನ್ನ ಅಡುಗೆ ಆರಂಭವಾಯಿತು. ಒಬ್ಬರಿಗಾಗಿ ಅಡುಗೆ ಮಾಡುವಾಗ ಕಡಿಮೆ ಮಾಡಬೇಕಾದದ್ದು ಅಳತೆಯನ್ನೇ ಹೊರತು ಬಗೆಗಳನ್ನಲ್ಲ. ನೆಂಟರು ಬಂದರೆ ಸೊಪ್ಪು ಅರೆದು ಮಜ್ಜಿಗೆಯಲ್ಲಿ ಕದಡುವ ತಂಬುಳಿ, ಪಲ್ಯವಾದ ತಾಳು, ಬೆಂದ ತರಕಾರಿಗೆ ಅರೆದ ಕಾಯಿ ಮಜ್ಜಿಗೆ ಬೆರೆಸುವ ಮೇಲಾರ ಎಲ್ಲವೂ ಬೇಕು, ತನಗೆ ಮಾತ್ರವಾದರೆ ಉಪ್ಪಿನಕಾಯಿ ಸಾಕು ಎಂಬ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಅನ್ನ, ಸೌತೆಕಾಯಿ ಮೇಲಾರ, ಅಲಸಂಡೆ ತಾಳು ಮತ್ತು ಒಂದೆಲಗದ ತಂಬುಳಿ ಇರುವ ಒಂದು ಪೂರ್ತಿ ಊಟವನ್ನು ಒಬ್ಬರ ಅಳತೆಯಲ್ಲಿ ಹೇಗೆ ಮಾಡುವುದು, ಅದನ್ನೇ ಮನೆಯ ಹಿರಿಯರಿಗೆ ಹೇಗೆ ಹೊಂದಿಸುವುದು, ಮಕ್ಕಳು ಮೊಮ್ಮಕ್ಕಳು ಊರಿಗೆ ಬಂದಾಗ ಹತ್ತು ಮಂದಿಗೆ ಹೇಗೆ ಹಿಗ್ಗಿಸುವುದು ಎಂಬುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಕಾಯಿ ಆರಿಸುವುದು, ಒಡೆಯುವುದು

ನಮ್ಮ ಕಾಸರಗೋಡಿನಲ್ಲಿ ತೆಂಗಿನ ಸಂಶೋಧನೆ ಆರಂಭವಾದದ್ದು 1916ರಲ್ಲಿ. ಅಂದಿನ ಆ ಕೇಂದ್ರವೇ 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ನೂರು ವರ್ಷ ದಾಟಿದ ಇಂಥ ಗಮನ ತೆಂಗಿನ ಮೇಲೆ ಇರುವ ಊರಿನವರಾದರೂ ಅಡುಗೆಗೆ ಕಾಯಿ ಆರಿಸುವ ಕ್ರಮವನ್ನು ಮಕ್ಕಳಿಗೆ ಹೇಳಿಕೊಡುವುದನ್ನು ನಾವು ಮರೆಯುತ್ತಿದ್ದೇವೆ. ತೆಂಗಿನ ಮಿಡಿ ಬೊಂಡ, ಅಂದರೆ ಎಳನೀರು, ಆಗಲು ಸುಮಾರು 7 ತಿಂಗಳು, ಬಲಿತ ಕಾಯಿಯಾಗಲು 11ರಿಂದ 12 ತಿಂಗಳು ಬೇಕು. ಅಡುಗೆಗೆ ಬೇಕಾದದ್ದು ಬಲಿತದ್ದು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ನೀರಿನ ಸದ್ದು ಕೇಳಬೇಕು, ಕೈಗೆ ಭಾರವಾಗಿರಬೇಕು, ಕಣ್ಣುಗಳ ಹತ್ತಿರ ತೇವವೋ ಬೂಸ್ಟೋ ಇರಬಾರದು. ಸುಲಿದ ಕಾಯಿ ತರುವುದಾದರೆ ಕಣ್ಣುಗಳನ್ನು ಮುಚ್ಚಿರುವ ಜುಟ್ಟನ್ನು ಒಡೆಯುವ ಹೊತ್ತಿನವರೆಗೆ ಕೀಳಬೇಡಿ. ಕರಟದಲ್ಲಿ ಮೆತ್ತಗಿರುವ ಜಾಗವೆಂದರೆ ಆ ಕಣ್ಣುಗಳೇ. ಜುಟ್ಟು ಹೋದರೆ ಕಾಯಿ ಬೇಗ ಕೆಡಲು ದಾರಿಯಾಗುತ್ತದೆ.

ಒಡೆಯುವಾಗ ಕಾಯಿಯನ್ನು ಎಡಗೈಯ ಅಂಗೈಯಲ್ಲಿ ಅಡ್ಡವಾಗಿ ಹಿಡಿದು, ಕತ್ತಿಯ ಬೆನ್ನಿನಿಂದ ನಡುವಿನ ಗೆರೆಯ ಉದ್ದಕ್ಕೂ ತಿರುಗಿಸುತ್ತ ನಾಲ್ಕೈದು ಪೆಟ್ಟು ಹಾಕಿದರೆ ಸಮನಾದ ಎರಡು ಕಡಿಗಳಾಗುತ್ತವೆ. ಕೆಳಗೆ ಒಂದು ಪಾತ್ರೆ ಇಟ್ಟು ನೀರನ್ನು ಹಿಡಿಯಿರಿ ಮತ್ತು ಮೂಸಿ ನೋಡಿರಿ. ನೀರು ಹುಳಿ ವಾಸನೆ ಬಂದರೆ ಕಾಯಿ ಕೆಟ್ಟಿದೆ ಎಂದೇ ಅರ್ಥ. ಅದನ್ನು ಹೇಗಾದರೂ ಮಾಡಿ ಬಳಸುವ ಆಸೆ ಬೇಡ.

ಎರಡು ಕಡಿಗಳಲ್ಲಿ ಕಣ್ಣುಗಳಿರುವ ಕಡಿ ಬೇಗ ಹಳಸುತ್ತದೆ. ಅದು ಇಂದಿನ ಅಡುಗೆಗೆ. ಇನ್ನೊಂದನ್ನು ತೊಳೆಯದೆ, ಒಳಗಿನ ನೀರಿನ ಪಸೆಯನ್ನು ಬಟ್ಟೆಯಿಂದ ಒರಸಿ, ಫ್ರಿಜ್ಜಿನಲ್ಲಿ ಮುಚ್ಚಿಡಬೇಕು. ಫ್ರಿಜ್ಜು ಇಲ್ಲದಿದ್ದರೆ ಒಳಮೈಗೆ ತೆಳುವಾಗಿ ಉಪ್ಪು ಸವರಿ, ಬೋರಲಾಗಿ ಇಟ್ಟರೆ ಮರುದಿನ ಮಧ್ಯಾಹ್ನದವರೆಗೆ ನಿಲ್ಲುತ್ತದೆ. ಆಗ ಅಡುಗೆಗೆ ಹಾಕುವ ಉಪ್ಪಿನಲ್ಲಿ ಅಷ್ಟನ್ನು ಕಡಿಮೆ ಮಾಡಿಕೊಳ್ಳಿ. ತುರಿದಿಟ್ಟ ಕಾಯಿ ಕಡಿಗಿಂತ ಬಹಳ ಬೇಗ ಕೆಡುತ್ತದೆಯಾದ್ದರಿಂದ ಮುಂಚಿತವಾಗಿ ತುರಿಯುವ ಅಭ್ಯಾಸ ಒಳ್ಳೆಯದಲ್ಲ.

ಒಲೆಯ ಮೇಲೆ ಮೊದಲು ಅನ್ನ

ಕುಚ್ಚಲಕ್ಕಿ ಬೇಯಲು ಹೊತ್ತು ಬೇಕು. ಆದುದರಿಂದ ಅಡುಗೆಮನೆಗೆ ಕಾಲಿಟ್ಟ ಕೂಡಲೇ ಮಾಡಬೇಕಾದ ಕೆಲಸ ಅನ್ನಕ್ಕೆ ನೀರಿಡುವುದು. ಬತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಆಮೇಲೆ ಕುಟ್ಟಿಸುವುದರಿಂದ ತೌಡಿನಲ್ಲಿರುವ ಬಿ ಗುಂಪಿನ ಜೀವಸತ್ವಗಳ ಒಂದು ಪಾಲು ಕಾಳಿನ ಒಳಕ್ಕೆ ಇಳಿಯುತ್ತದೆ, ಕಾಳು ಗಟ್ಟಿಯಾಗುತ್ತದೆ, ಬೇಯುವುದು ತಡವಾಗುತ್ತದೆ. ಬೆಳ್ತಿಗೆ ಅಕ್ಕಿಗೆ ಹೋಲಿಸಿ ಇದನ್ನು ದೋಷವೆಂದು ನೋಡುವವರಿದ್ದಾರೆ. ನನಗೆ ಆ ಮುಕ್ಕಾಲು ಗಂಟೆಯೇ ಉಳಿದ ಅಡುಗೆಯ ಕಾಲಮಾನವಾಗಿ ಒದಗಿದೆ.

ಒಬ್ಬ ವಯಸ್ಕನಿಗೆ 100 ಗ್ರಾಂ ಅಕ್ಕಿ ಸಾಕು. 200 ಮಿಲಿಯ ಲೋಟದಲ್ಲಿ ಅದು ಅರ್ಧಕ್ಕಿಂತ ತುಸು ಹೆಚ್ಚು. ಅಕ್ಕಿಯ ಆರು ಪಾಲು ನೀರನ್ನು ಮೊದಲು ಕುದಿಯಲು ಇಟ್ಟು, ಅಷ್ಟರಲ್ಲಿ ಅಕ್ಕಿಯನ್ನು ಮೂರು ಸಲ ತೊಳೆದು, ನೀರು ಮರಳಿದ ಮೇಲೆ ಹಾಕಬೇಕು. ತೆರೆದ ಪಾತ್ರೆಯಲ್ಲಿ 45ರಿಂದ 60 ನಿಮಿಷ ಹಿಡಿಯುತ್ತದೆ. ಗಡಿಯಾರಕ್ಕಿಂತ ಬೆರಳನ್ನು ನಂಬುವುದು ಮೇಲು: ಒಂದು ಅಗುಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಸುಕಿದಾಗ ಒಳಗೆ ಗಟ್ಟಿ ಕಾಳು ಸಿಗದಿದ್ದರೆ ಅನ್ನ ಬೆಂದಿದೆ. ಐದು ನಿಮಿಷ ಮುಚ್ಚಿಟ್ಟು ಬಾಗಿಸಿರಿ. ಬಸಿದ ತೆಳಿಯನ್ನು ಚೆಲ್ಲಬೇಡಿ. ಬಿಸಿಯಿರುವಾಗ ಚಿಟಿಕೆ ಉಪ್ಪು, ಅರ್ಧ ಚಮಚ ತುಪ್ಪ ಹಾಕಿ ಕುಡಿದರೆ ಉಳಿದ ಅಡುಗೆ ಮುಗಿಯುವವರೆಗೆ ಹಸಿವು ತಡೆಯುತ್ತದೆ.

ಒಂದೇ ಒಲೆ ಇರುವವರು ಇಲ್ಲಿ ಕೇಳುವ ಪ್ರಶ್ನೆ ನ್ಯಾಯವಾದದ್ದೇ: ಒಲೆಯನ್ನು ಒಂದು ಗಂಟೆ ಅನ್ನಕ್ಕೇ ಬಿಟ್ಟುಕೊಟ್ಟರೆ ಉಳಿದದ್ದು ಎಲ್ಲಿ ಬೇಯಬೇಕು? ಕುಕ್ಕರು ಒಂದು ಉತ್ತರ. ಇನ್ನೊಂದು ಉತ್ತರವನ್ನು ನಾನು ಪಾಲಕ್ಕಾಡಿನಲ್ಲಿ ನೆರೆಮನೆಯವರಿಂದ ಕಲಿತೆ. 1962ರಲ್ಲಿ ಆರಂಭವಾದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಹೊಗೆ ಕಡಿಮೆಯ ಒಲೆಯ ಜೊತೆಗೆ ಮನೆಮನೆಗೆ ತಲುಪಿಸಿದ ವಸ್ತುಗಳಲ್ಲಿ 'ಚೂಡಾರಾಪ್ಪೆಟ್ಟಿ'ಯೂ ಒಂದು, ಅಂದರೆ ಬಿಸಿ ಆರದ ಪೆಟ್ಟಿಗೆ. ಅಕ್ಕಿಯನ್ನು ಹದಿನೈದು ನಿಮಿಷ ಬಿರುಸಾಗಿ ಕುದಿಸಿ, ಮುಚ್ಚಳ ತೆರೆಯದೆ ಪಾತ್ರೆಯನ್ನು ಆ ಪೆಟ್ಟಿಗೆಯೊಳಗೆ ಇಟ್ಟು ಮುಚ್ಚಿದರೆ, ಸುಮಾರು ಒಂದೂವರೆ ಗಂಟೆಯಲ್ಲಿ ತನ್ನ ಬಿಸಿಯಿಂದಲೇ ಅನ್ನ ಬೇಯುತ್ತದೆ. ಒಲೆ ಆಗಲೇ ಖಾಲಿ. ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು: ಗಟ್ಟಿ ರಟ್ಟಿನ ಅಥವಾ ಮರದ ಪೆಟ್ಟಿಗೆಯ ತಳದಲ್ಲೂ ಸುತ್ತಲೂ ಒಂದು ಗೇಣಿಗೆ ಸ್ವಲ್ಪ ಕಡಿಮೆ ದಪ್ಪಕ್ಕೆ ಒಣಗಿದ ಬೈಹುಲ್ಲನ್ನೋ ಹಳೆಯ ಕಂಬಳಿಯನ್ನೋ ಒತ್ತಿ ತುಂಬಿ, ನಡುವೆ ಪಾತ್ರೆ ಸರಿಯಾಗಿ ಕೂರುವಷ್ಟು ಗುಳಿ ಬಿಟ್ಟು, ಮೇಲೆ ಮುಚ್ಚಲು ಒಂದು ದಪ್ಪ ದಿಂಬು ಹೊಲಿದರೆ ಆಯಿತು. ಒಬ್ಬರಿಗೆ ಅಡುಗೆ ಮಾಡುವವರು ಗಮನಿಸಬೇಕಾದ ಒಂದು ವಿಷಯವಿದೆ. ದೊಡ್ಡ ಪಾತ್ರೆಯಲ್ಲಿ ತಳಕ್ಕೆ ಅಂಟುವಷ್ಟೇ ಅಕ್ಕಿ ನೀರು ಇದ್ದರೆ ಬಿಸಿ ಬೇಗ ಆರಿ ಅನ್ನ ಅರೆಬೇಯುತ್ತದೆ. ಆದುದರಿಂದ ಸಣ್ಣ ಪಾತ್ರೆಯನ್ನೇ ಹಿಡಿದು ಅದು ಮುಕ್ಕಾಲಿಗಿಂತ ಮೇಲೆ ತುಂಬಿರುವಂತೆ ನೋಡಿಕೊಳ್ಳಬೇಕು. ಎರಡು ಗಂಟೆಗಿಂತ ಹೆಚ್ಚು ಹೊತ್ತು ಪೆಟ್ಟಿಗೆಯಲ್ಲಿ ಬಿಡಬಾರದು.

ಸೌತೆಕಾಯಿ ಮೇಲಾರ

ಮೇಲಾರವನ್ನು ನಾನು ಮೊದಲಿಗೆ ಕಲಿಸಲು ಇಷ್ಟಪಡುವುದು ಅದರಲ್ಲಿ ಹುರಿಯುವ ಮಸಾಲೆ ಇಲ್ಲ, ತಪ್ಪಿದರೆ ಎಲ್ಲಿ ತಪ್ಪಿತು ಎಂಬುದು ಕಣ್ಣಿಗೆ ಕಾಣುತ್ತದೆ ಎಂಬ ಕಾರಣಕ್ಕೆ. ಇಲ್ಲಿ ಸೌತೆಕಾಯಿ ಎಂದರೆ ಹಸಿಯಾಗಿ ತಿನ್ನುವ ಮುಳ್ಳುಸೌತೆಯಲ್ಲ. ಬೇಸಗೆಯಲ್ಲಿ ಕೊಯ್ದು, ಬಾಳೆನಾರಿನಿಂದ ಕಟ್ಟಿ ಅಟ್ಟದ ಜಂತಿಗೆ ತೂಗುಹಾಕಿ ಮಳೆಗಾಲದ ಕೊನೆಯವರೆಗೆ ಬಳಸುವ ಹಳದಿ ಹಸುರು ಪಟ್ಟೆಯ ಸಾಂಬಾರು ಸೌತೆ. ದಕ್ಷಿಣ ಕೇರಳದ ಅಂಗಡಿಗಳಲ್ಲಿ ಇದನ್ನು 'ವೆಳ್ಳರಿಕ್ಕ' ಎಂದು ಕೇಳಬೇಕು.

ಒಬ್ಬರಿಗೆ 200 ಗ್ರಾಂ ಹೋಳು ಸಾಕು. ಕೊಯ್ಯುವ ಮೊದಲು ತುದಿಯ ಒಂದು ಚೂರನ್ನು ಬಾಯಿಗೆ ಹಾಕಿ ನೋಡುವುದನ್ನು ಮರೆಯಬಾರದು, ಯಾಕೆಂದರೆ ಕಹಿಯಾದ ಒಂದು ಸೌತೆ ಇಡೀ ಪಾತ್ರೆಯನ್ನು ಕೆಡಿಸುತ್ತದೆ. ಸಿಪ್ಪೆ ಎಳೆಯದಾಗಿದ್ದರೆ ಹಾಗೆಯೇ ಇರಲಿ, ತಿರುಳು ಬೀಜ ತೆಗೆದು ಹೆಬ್ಬೆರಳಿನ ಗಾತ್ರದ ಹೋಳು ಮಾಡಿ, ಅರ್ಧ ಲೋಟ ನೀರು, ಸೀಳಿದ ಒಂದು ಹಸಿಮೆಣಸು, ಮುಕ್ಕಾಲು ಚಮಚ ಉಪ್ಪು ಹಾಕಿ ಮುಚ್ಚಿ ಬೇಯಿಸಿರಿ. ಹೋಳು ಪಾರದರ್ಶಕವಾಗಿ, ಸೌಟಿನ ಅಂಚಿಗೆ ಸುಲಭವಾಗಿ ತುಂಡಾದರೆ ಬೆಂದಿದೆ ಎಂದು ತಿಳಿಯಿರಿ.

ಹೋಳು ಬೇಯುವ ಹತ್ತು ಹದಿನೈದು ನಿಮಿಷಗಳಲ್ಲಿ ಕಾಯಿ ತುರಿಯಬೇಕು. ತುರಿಮಣೆಯಲ್ಲಿ ಕಡಿಯನ್ನು ತಿರುಗಿಸುತ್ತ ಅಂಚಿನಿಂದ ಒಳಕ್ಕೆ ಹೋಗಿ, ಕರಟಕ್ಕೆ ಅಂಟಿದ ಕಂದು ಪದರ ಬರುವ ಮೊದಲೇ ನಿಲ್ಲಿಸಿದರೆ ಮೇಲಾರ ಬೆಳ್ಳಗೆ ಇರುತ್ತದೆ. ಒಂದು ಕಡಿಯಿಂದ ಸಾಮಾನ್ಯವಾಗಿ ಎಂಟು ಹತ್ತು ತುಂಬು ಚಮಚ ತುರಿ ಸಿಗುತ್ತದೆ. ಅದರಲ್ಲಿ ಐದು ಚಮಚ ಮೇಲಾರಕ್ಕೆ, ಎರಡು ತಂಬುಳಿಗೆ, ಉಳಿದದ್ದು ತಾಳಿನ ಮೇಲೆ ಉದುರಿಸಲು. ಮೇಲಾರದ ಪಾಲಿಗೆ ಅರ್ಧ ಗಂಟೆ ನೆನೆದ ಒಂದು ಚಮಚ ಬೆಳ್ತಿಗೆ ಅಕ್ಕಿ ಸೇರಿಸಿ, ನೀರಿನ ಬದಲು ಮಜ್ಜಿಗೆಯನ್ನೇ ಸ್ವಲ್ಪ ಸ್ವಲ್ಪವಾಗಿ ಎರೆಯುತ್ತ ನುಣ್ಣಗೆ ಅರೆಯಿರಿ. ಸಣ್ಣ ಅಳತೆಯ ಅಡುಗೆಯಲ್ಲಿ ಎಲ್ಲರಿಗೂ ಎದುರಾಗುವ ತೊಡಕು ಇಲ್ಲಿದೆ: ಮಿಕ್ಸಿಯ ದೊಡ್ಡ ಜಾರಿನಲ್ಲಿ ಐದು ಚಮಚ ತುರಿ ಗೋಡೆಗೆ ಅಂಟಿ ಕೂರುತ್ತದೆ, ಅಲಗಿಗೆ ಸಿಗುವುದೇ ಇಲ್ಲ. ಚಟ್ನಿಯ ಸಣ್ಣ ಜಾರು ಇಲ್ಲದೆ ಒಬ್ಬರ ಅಡುಗೆ ನಡೆಯದು. ಒಂಟಿಯಾಗಿ ಮನೆ ಹೂಡುವವರಿಗೆ ಹೊಸ ಪಾತ್ರೆಗಳಿಗಿಂತ ಮೊದಲು ಅದನ್ನೇ ಕೊಳ್ಳಲು ಹೇಳುತ್ತೇನೆ. ಅರೆದಾದ ಮೇಲೆ ಜಾರು ತೊಳೆದ ನೀರನ್ನೂ ಮೇಲಾರಕ್ಕೇ ಎರೆಯಬೇಕು.

ಇನ್ನು ಮುಂದಿನ ಐದು ನಿಮಿಷ ಒಲೆಯ ಬಳಿಯಿಂದ ಅಲುಗಾಡಬಾರದು. ಬೆಂದ ಹೋಳಿಗೆ ಅರಪ್ಪು ಸೇರಿಸಿ, ಅರ್ಧ ಲೋಟ ಮಜ್ಜಿಗೆ ಬೆರೆಸಿ, ಸಣ್ಣ ಉರಿಯಲ್ಲಿ ಒಂದೇ ದಿಕ್ಕಿಗೆ ತಿರುವುತ್ತ ಇರಿ. ಅಂಚಿನಲ್ಲಿ ಸಣ್ಣ ಗುಳ್ಳೆಗಳು ಏಳಲು ಶುರುವಾಗಿ ಮೇಲ್ಮೈ ಒಮ್ಮೆ ಉಬ್ಬಿದೊಡನೆ ಉರಿ ಆರಿಸಿರಿ. ಹುಳಿಯೂ ಬಿಸಿಯೂ ಒಟ್ಟಾದಾಗ ಹಾಲಿನ ಪ್ರೋಟೀನು ಗಂಟುಗಟ್ಟಿ ನೀರಿನಿಂದ ಬೇರೆಯಾಗುತ್ತದೆ. ಅಕ್ಕಿಯ ಗಂಜಿಯಂಥ ಪಿಷ್ಟ ಅದನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆಯೇ ಹೊರತು ಬಿರುಸಾದ ಕುದಿತವನ್ನು ತಾಳುವುದಿಲ್ಲ. ನನ್ನ ಮೊದಲ ಮೇಲಾರವನ್ನು ನಾನು ಸಾರಿನಂತೆ ಕೊತಕೊತ ಕುದಿಸಿದ್ದೆ. ಮೇಲೆ ಹಳದಿ ನೀರು, ಕೆಳಗೆ ಬಿಳಿ ಕಣಗಳು ಆಗಿದ್ದವು. ರುಚಿ ಕೆಟ್ಟಿರಲಿಲ್ಲವಾದರೂ ಅದನ್ನು ನೋಡಿ ಮನಸ್ಸಿಗೆ ಬಹಳ ನೋವಾಗಿತ್ತು. ಹಾಗಾದಾಗ ಎಸೆಯಬೇಡಿ. ಒಂದು ಚಮಚ ಅಕ್ಕಿಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ ಸೇರಿಸಿ ಒಂದು ನಿಮಿಷ ಬಿಸಿ ಮಾಡಿದರೆ ಮತ್ತೆ ಒಂದಾದಂತೆ ತೋರುತ್ತದೆ, ಊಟಕ್ಕೆ ಅಡ್ಡಿಯಿಲ್ಲ. ಮಜ್ಜಿಗೆ ಅತಿಯಾಗಿ ಹುಳಿಯಾಗಿದ್ದರೆ ಈ ಅಪಾಯ ಹೆಚ್ಚು. ಹಿಂದಿನ ರಾತ್ರಿ ಹೆಪ್ಪು ಹಾಕಿದ ಮೊಸರಿನ ಮಜ್ಜಿಗೆ ಸರಿಯಾದ ಹದದ್ದು.

ಒಗ್ಗರಣೆಗೆ ಒಂದು ಚಮಚ ತೆಂಗಿನೆಣ್ಣೆ. ಸಾಸಿವೆ ಸಿಡಿದು ನಿಂತ ಮೇಲೆ ಒಣಮೆಣಸಿನ ಚೂರು, ಅದು ಬಣ್ಣ ಬದಲಿಸುವ ಮೊದಲೇ ಕರಿಬೇವು. ತೊಳೆದ ಕರಿಬೇವನ್ನು ಒರಸದೆ ಹಾಕಿದರೆ ಎಣ್ಣೆ ಮುಖಕ್ಕೆ ಹಾರುತ್ತದೆ.

ತಾಳು, ತಂಬುಳಿ

ತಾಳು ಎಂದರೆ ಪಲ್ಯವೇ. 100 ಗ್ರಾಂ ಅಲಸಂಡೆಯನ್ನು ಒಂದಿಂಚು ಉದ್ದಕ್ಕೆ ತುಂಡರಿಸಿ, ಎಣ್ಣೆಯಲ್ಲಿ ಸಾಸಿವೆ, ಅರ್ಧ ಚಮಚ ಉದ್ದಿನಬೇಳೆ, ಒಣಮೆಣಸು ಹುರಿದು, ಅದರ ಮೇಲೆ ಅಲಸಂಡೆ, ಉಪ್ಪು, ಅಡಿಕೆ ಚೂರಿನಷ್ಟು ಬೆಲ್ಲ ಹಾಕಿ ನೀರು ಚಿಮುಕಿಸಿ ಮುಚ್ಚಿದರೆ ಹತ್ತು ನಿಮಿಷದಲ್ಲಿ ಬೇಯುತ್ತದೆ. ತುರಿಯನ್ನು ಉರಿ ಆರಿಸಿದ ಮೇಲೆ ಬೆರೆಸಬೇಕು. ಅಲಸಂಡೆಯ ಜಾಗದಲ್ಲಿ ತೊಂಡೆ, ಹರಿವೆ, ಜೀಗುಜ್ಜೆ (ದೀವಿಹಲಸು) ಯಾವುದೂ ಆದೀತು. ಹರಿವೆಗೆ ನೀರು ಬೇಡ, ಜೀಗುಜ್ಜೆಗೆ ಸ್ವಲ್ಪ ಹೆಚ್ಚು ಬೇಕು.

ತಂಬುಳಿಗೆ ಒಲೆಯೇ ಬೇಡ. ಹಿತ್ತಿಲಿನ ತೇವದಲ್ಲಿ ಹರಡುವ ಒಂದೆಲಗದ ಹದಿನೈದಿಪ್ಪತ್ತು ಎಲೆಗಳನ್ನು ದಂಟು ಸಹಿತ ಕಿತ್ತು, ಮಣ್ಣು ಹೋಗುವಂತೆ ಮೂರು ನಾಲ್ಕು ನೀರಿನಲ್ಲಿ ತೊಳೆದು, ಎರಡು ಚಮಚ ಕಾಯಿತುರಿ, ಕಾಲು ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಸೇರಿಸಿ ಅರೆದು, ಒಂದು ಲೋಟ ಮಜ್ಜಿಗೆಯಲ್ಲಿ ಕದಡಿ ಉಪ್ಪು ಹಾಕಿದರೆ ಮುಗಿಯಿತು. ಸಾಂಬ್ರಾಣಿ (ದೊಡ್ಡಪತ್ರೆ) ಎಲೆಯಾದರೆ ಅದರ ಕಟು ವಾಸನೆ ತಗ್ಗುವಂತೆ ಮೊದಲು ತುಪ್ಪದಲ್ಲಿ ಬಾಡಿಸಬೇಕು. ಬಿಡಾರದಲ್ಲಿ ಇರುವವರು ಒಂದು ಹಳೆಯ ಬಕೆಟಿನಲ್ಲಿ ಮಣ್ಣು ತುಂಬಿ ಸಾಂಬ್ರಾಣಿಯ ಒಂದು ಕಡ್ಡಿ ನೆಟ್ಟರೆ ತಿಂಗಳೊಳಗೆ ವಾರಕ್ಕೆರಡು ತಂಬುಳಿಗೆ ಸಾಕಾಗುವಷ್ಟು ಎಲೆ ಸಿಗುತ್ತದೆ. ಅಂಗಡಿಯ ಸೊಪ್ಪಿಗಾಗಿ ಕಾಯದೆ, ನೆನಪಾದ ಹೊತ್ತಿಗೆ ನಾಲ್ಕು ಎಲೆ ಚಿವುಟಿ ತಂದು ಒಂದು ವ್ಯಂಜನ ಮಾಡುವ ಸಂತೋಷವನ್ನು ಬಾಯಲ್ಲಿ ಹೇಳಿ ತಿಳಿಸುವುದು ಕಷ್ಟ.

ಬಡಿಸಿಕೊಳ್ಳುವುದೂ ಅಡುಗೆಯ ಹಂತವೇ

ಒಲೆಯ ಪಕ್ಕದಲ್ಲಿ ನಿಂತು, ಬೇಯಿಸಿದ ಪಾತ್ರೆಯಿಂದಲೇ ತಿನ್ನುವ ಅಭ್ಯಾಸ ಒಂಟಿಯಾಗಿ ಇರುವವರಿಗೆ ಬಹಳ ಬೇಗ ಅಂಟಿಕೊಳ್ಳುತ್ತದೆ. ಅದನ್ನು ಬಿಡಿ ಎಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ. ಬಾಳೆಲೆ ಸಿಕ್ಕಿದರೆ ಬಾಳೆಲೆ, ಇಲ್ಲವಾದರೆ ತೊಳೆದ ಬಟ್ಟಲು. ಮೊದಲು ತಾಳು, ಆಮೇಲೆ ಅನ್ನ, ಅದಕ್ಕೆ ಮೊದಲ ತುತ್ತಿಗೆ ತಂಬುಳಿ, ಎರಡನೆಯ ಸಲಕ್ಕೆ ಮೇಲಾರ, ಕೊನೆಗೆ ಮಜ್ಜಿಗೆ. ಉಪ್ಪು ಸರಿಯೇ ಎಂಬುದನ್ನು ಸೌಟಿನಿಂದ ಅಂಗೈಗೆ ಹಾಕಿ ನೆಕ್ಕಿ ತೀರ್ಮಾನಿಸಬಾರದು, ಒಂದು ತುತ್ತು ಅನ್ನಕ್ಕೆ ಕಲಸಿಯೇ ನೋಡಬೇಕು. ನಮ್ಮ ಅನ್ನಕ್ಕೆ ಉಪ್ಪು ಹಾಕುವ ಕ್ರಮವಿಲ್ಲ. ಅನ್ನದ ಉಪ್ಪನ್ನೂ ಮೇಲಾರವೇ ಹೊರಬೇಕಾಗುತ್ತದೆ. ಹೀಗೆ ಕೂತು ಉಂಡ ದಿನ ನಾಳೆ ಯಾವುದನ್ನು ಬದಲಿಸಬೇಕು ಎಂಬುದು ತಾನಾಗಿ ಹೊಳೆಯುತ್ತದೆ, ನಿಂತು ತಿಂದ ದಿನ ಏನು ತಿಂದೆ ಎಂಬುದೂ ನೆನಪಿರುವುದಿಲ್ಲ.

ಉಳಿದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು. ಅನ್ನದಲ್ಲಿ ಬೆಳೆಯುವ ಕೆಲವು ಸೂಕ್ಷ್ಮಾಣುಗಳು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಕಾಯಿ ಅರೆದ ಮೇಲಾರ ಸೆಕೆಗಾಲದಲ್ಲಿ ಸಂಜೆಗೇ ಹಳಸುತ್ತದೆ. ಒಬ್ಬರ ಅಳತೆಯಲ್ಲಿ ಮಾಡಿದ್ದರೆ ಉಳಿಯುವ ಪ್ರಶ್ನೆಯೇ ಬರುವುದಿಲ್ಲ.

ಎರಡನೆಯ ಕಡಿ ಮತ್ತು ದಣಿದ ದಿನಗಳು

ಮರುದಿನಕ್ಕೆ ಇಟ್ಟ ಕಡಿಯಿಂದ ಕೊದಿಲು ಮಾಡಬಹುದು. ಎರಡು ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ಎಂಟು ಹತ್ತು ಮೆಂತೆ ಕಾಳು, ಒಂದು ಚಮಚ ಉದ್ದಿನಬೇಳೆ, ಮೂರು ಒಣಮೆಣಸು, ಇವನ್ನು ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಐದು ಚಮಚ ಕಾಯಿತುರಿಯ ಜೊತೆ ಅರೆದು, ಬೇಯಿಸಿದ ತೊಗರಿಬೇಳೆ, ತರಕಾರಿ, ಹುಣಸೆಹುಳಿಗೆ ಸೇರಿಸಿ ಕುದಿಸುವುದು. ಮೇಲಾರದಂತೆ ಇದು ಒಡೆಯುವುದಿಲ್ಲ, ಚೆನ್ನಾಗಿ ಕುದಿಯಬೇಕು. ಮೆಂತೆ ಕಪ್ಪಾದರೆ ಕಹಿ ಬರುತ್ತದೆಯಾದುದರಿಂದ ಅದನ್ನು ಕೊನೆಗೆ ಹಾಕಿರಿ.

ಕೆಲಸ ಮುಗಿಸಿ ಸೋತು ಬಂದ ದಿನ ಇದಾವುದೂ ಬೇಡವೆನಿಸುತ್ತದೆ. ಆ ದಿನಕ್ಕೆ ಎರಡು ಊಟಗಳನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳಿ. ಒಂದು, ಕುಚ್ಚಲಕ್ಕಿ ಗಂಜಿ, ಗಾಂಧಾರಿ ಮೆಣಸು ಹಾಕಿದ ಕಾಯಿಚಟ್ನಿ, ಸುಟ್ಟ ಹಲಸಿನ ಹಪ್ಪಳ. ಇನ್ನೊಂದು, ಪುನರ್ಪುಳಿ (ಕೋಕಂ) ಸಾರು: ಒಣಗಿಸಿಟ್ಟ ಆರೇಳು ಸಿಪ್ಪೆಗಳನ್ನು ಎರಡು ಲೋಟ ನೀರಿನಲ್ಲಿ ನೆನೆಸಿ, ಅದೇ ನೀರಿನಲ್ಲಿ ಉಪ್ಪು, ಬೆಲ್ಲ, ಸೀಳಿದ ಹಸಿಮೆಣಸು ಸೇರಿಸಿ ಕುದಿಸಿ, ತುಪ್ಪದಲ್ಲಿ ಜೀರಿಗೆಯ ಒಗ್ಗರಣೆ ಕೊಡುವುದು. ಬೇಳೆಯೂ ಬೇಡ, ಕಾಯಿಯೂ ಬೇಡ. ದಕ್ಷಿಣಕ್ಕೆ ಹೋದವರಿಗೆ ಒಂದು ಎಚ್ಚರಿಕೆ: ಅಲ್ಲಿ ಅಂಗಡಿಯವರು 'ಪುಳಿ' ಎಂದು ಕೊಡುವ ಕಪ್ಪು ಸಿಪ್ಪೆ ಕುಡಂಪುಳಿ. ಅದು ಪುನರ್ಪುಳಿಯ ನೆಂಟನೇ ಆದರೂ ಬೇರೆ ಮರದ್ದು, ಹೊಗೆಯಲ್ಲಿ ಒಣಗಿಸಿದ್ದು, ಮೀನಿನ ಸಾರಿಗೆ ಬಳಸುವಂಥದ್ದು. ಅದರಲ್ಲಿ ಈ ಸಾರು ಮಾಡಿದರೆ ಕೆಂಪು ಬಣ್ಣವೂ ಬಾರದು, ಹೊಗೆಯ ವಾಸನೆಯೂ ಹೋಗದು. ನಾನು ಮಾಡಿ ನೋಡಿದ್ದೇನೆ.

ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಹಿಂದಿನವರು ಮಳೆಗಾಲಕ್ಕೆ ಬೇಕಾದದ್ದನ್ನು ಬೇಸಗೆಯಲ್ಲೇ ಕೂಡಿಡುತ್ತಿದ್ದರು. 2018ರಲ್ಲಿ ಕೇರಳ ಸರಕಾರ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿತು; ನಮ್ಮ ಮನೆಗಳಲ್ಲಿ ಅದಕ್ಕೆ ಬಹಳ ಮೊದಲೇ ಭರಣಿಯಲ್ಲಿ ಉಪ್ಪುಸೊಳೆ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಕಾಯಿಸೊಳೆ), ಡಬ್ಬಿಯಲ್ಲಿ ಹಪ್ಪಳ ಮತ್ತು ಸಾಂತಾಣಿ (ಬೇಯಿಸಿ ಒಣಗಿಸಿದ ಹಲಸಿನ ಬೀಜ) ಇದ್ದವು. ಒಬ್ಬರಿಗೆ ಒಂದು ಹಿಡಿ ಉಪ್ಪುಸೊಳೆ ಸಾಕು. ನೀರು ಬದಲಿಸುತ್ತ ಎರಡು ಮೂರು ಗಂಟೆ ನೆನೆಸಿ ಉಪ್ಪು ಬಿಡಿಸಿ, ಹಿಂಡಿ, ಕಾಯಿತುರಿ ಹಾಕಿ ತಾಳು ಮಾಡಿದರೆ ಆಷಾಢದ ಮಳೆಯಲ್ಲಿ ಪೇಟೆಗೆ ಹೋಗುವ ಕೆಲಸವೇ ಇರುವುದಿಲ್ಲ.

ಮನೆಯ ಹಿರಿಯರಿಗೆ

ವರ್ಗವಾಗಿ ಊರಿಗೆ ಮರಳಿದ ಮೇಲೆ ಅಡುಗೆಮನೆ ನನ್ನ ಕೈಗೆ ಬಂತು, ಅಬ್ಬೆ ಮಣೆಯ ಮೇಲೆ ಕೂತು ನೋಡುವವರಾದರು. ಹಿರಿಯರಿಗೆಂದು ಬೇರೆ ಅಡುಗೆ ಮಾಡುವುದು ಅವರಿಗೂ ಇಷ್ಟವಾಗುವುದಿಲ್ಲ. ಅದೇ ಅಡುಗೆಯಿಂದ ಸರಿಯಾದ ಹೊತ್ತಿನಲ್ಲಿ ಅವರ ಪಾಲನ್ನು ತೆಗೆದಿಡುವುದು ನಾನು ಕಂಡುಕೊಂಡ ಉಪಾಯ. ಅನ್ನ ಬಾಗಿಸುವ ಮೊದಲು ಒಂದು ಸೌಟು ತೆಳಿ ಸಹಿತ ಬೇರೆ ಪಾತ್ರೆಗೆ ತೆಗೆದು ಇನ್ನೂ ಹದಿನೈದು ನಿಮಿಷ ಬೇಯಿಸಿದರೆ ಹಲ್ಲಿಲ್ಲದ ಬಾಯಿಗೂ ಒಗ್ಗುವ ಗಂಜಿಯಾಗುತ್ತದೆ. ರಕ್ತದೊತ್ತಡಕ್ಕೆ ಉಪ್ಪು ಕಡಿಮೆ ಮಾಡಲು ವೈದ್ಯರು ಹೇಳಿದ್ದರೆ, ಮೇಲಾರದ ಹೋಳುಗಳಿಗೆ ಅರ್ಧ ಉಪ್ಪು ಮಾತ್ರ ಹಾಕಿ ಬೇಯಿಸಿ, ಅವರ ಪಾಲು ತೆಗೆದ ಮೇಲೆ ಉಳಿದ ಉಪ್ಪು ಸೇರಿಸಿರಿ. ಉಪ್ಪು ಕಡಿಮೆಯಾದ ಕೊರತೆಯನ್ನು ಮಜ್ಜಿಗೆಯ ಹುಳಿ ಮತ್ತು ಒಗ್ಗರಣೆಯ ಪರಿಮಳ ಬಹಳ ಮಟ್ಟಿಗೆ ತುಂಬುತ್ತವೆ. ಅಲಸಂಡೆಯನ್ನು ಅವರಿಗಾಗಿ ಸಣ್ಣಗೆ ಕೊಚ್ಚಬೇಕು. ಮಳೆಗಾಲದ ಆಟಿ ತಿಂಗಳಲ್ಲಿ ಅವರು ಆಸೆಪಟ್ಟು ಕೇಳುವ ಪತ್ರೊಡೆಗೆ ಕೆಸುವಿನ ಎಲೆಗೆ ಹುಣಸೆಹುಳಿ ಸಾಕಷ್ಟು ಹಾಕಿದ ಹಿಟ್ಟು ಸವರಿ ಸುತ್ತಿ ಒಂದು ಗಂಟೆಯಾದರೂ ಹಬೆಯಲ್ಲಿ ಬೇಯಿಸಬೇಕು. ಎಲೆಯಲ್ಲಿರುವ ಸೂಜಿಯಂಥ ಹರಳುಗಳು ಅರೆಬೆಂದರೆ ಗಂಟಲು ಕೆರೆಸುತ್ತವೆ.

ಹತ್ತು ಮಂದಿಗೆ

ವಿಷುವಿಗೋ ದೀಪಾವಳಿಗೋ ಬೆಂಗಳೂರು, ಕೊಚ್ಚಿಗಳಿಂದ ಎಲ್ಲರೂ ಬಂದಾಗ ಒಬ್ಬರ ಅಳತೆಯನ್ನು ಹತ್ತರಿಂದ ಗುಣಿಸಿದರೆ ಅಡುಗೆ ಕೆಡುತ್ತದೆ. ಅಕ್ಕಿ, ತರಕಾರಿ ಮಾತ್ರ ನೇರವಾಗಿ ಹೆಚ್ಚುತ್ತವೆ: 1 ಕಿಲೋ ಅಕ್ಕಿ, 2 ಕಿಲೋ ಸೌತೆ. ಮೇಲಾರಕ್ಕೆ ಎರಡೂವರೆ ಕಾಯಿ ಸಾಕು. ಹಸಿಮೆಣಸು ಹತ್ತಲ್ಲ, ಆರೇಳು. ಒಗ್ಗರಣೆಗೆ ಹತ್ತು ಚಮಚ ಎಣ್ಣೆ ಬೇಡ, ಮೂರು ನಾಲ್ಕು ಚಮಚ ಹೆಚ್ಚಾಯಿತು. ಹೋಳು ಬೇಯಿಸುವ ನೀರಿನಲ್ಲಿ ಆವಿಯಾಗಿ ಹೋಗುವ ಪಾಲು ದೊಡ್ಡ ಪಾತ್ರೆಯಲ್ಲಿ ಅಳತೆಗೆ ಹೋಲಿಸಿದರೆ ಕಡಿಮೆ, ಸೌತೆಯೂ ನೀರು ಬಿಡುತ್ತದೆ. ಮೂರು ಲೋಟ ನೀರಿನಿಂದ ಆರಂಭಿಸಿ, ಬೇಕಾದರೆ ಆಮೇಲೆ ಸೇರಿಸಬಹುದು. ಉಪ್ಪನ್ನು ಲೆಕ್ಕದ ಮುಕ್ಕಾಲು ಪಾಲು ಮಾತ್ರ ಹಾಕಿ, ಅನ್ನಕ್ಕೆ ಕಲಸಿ ನೋಡಿ ಉಳಿದದ್ದನ್ನು ಹಾಕಿರಿ.

ಎಲ್ಲಕ್ಕಿಂತ ಮುಖ್ಯವಾದದ್ದು ಬಿಸಿಯ ವಿಷಯ. ದೊಡ್ಡ ಪಾತ್ರೆ ಬಿಸಿಯಾಗಲು ತಡ, ಆರಲೂ ತಡ. ಒಬ್ಬರ ಮೇಲಾರದಲ್ಲಿ ಉಬ್ಬಿದೊಡನೆ ಉರಿ ಆರಿಸಿದರೆ ಸಾಕಾಗಿತ್ತು. ಹತ್ತು ಮಂದಿಯ ಪಾತ್ರೆಯಲ್ಲಿ ಹಬೆ ಏಳಲು ಶುರುವಾದಾಗಲೇ ಆರಿಸಿ ಒಲೆಯಿಂದ ಇಳಿಸದಿದ್ದರೆ ತಳದ ಬಿಸಿಯಿಂದಲೇ ಅದು ಒಡೆಯುತ್ತದೆ. ಇಳಿಸಿದ ಮೇಲೆಯೂ ಎರಡು ನಿಮಿಷ ತಿರುವುತ್ತ ಇರಬೇಕು, ಮುಚ್ಚಳವನ್ನು ಓರೆಯಾಗಿ ಇಡಬೇಕು. ಹೆಸರುಬೇಳೆ ಪಾಯಸಕ್ಕೂ ಇದೇ ನಿಯಮ. 250 ಗ್ರಾಂ ಬೇಳೆಯನ್ನು ಪರಿಮಳ ಬರುವಂತೆ ಹುರಿದು, ಎರಡು ಕಾಯಿಯಿಂದ ಹಿಂಡಿದ ನೀರುಹಾಲಿನಲ್ಲಿ ಮೆತ್ತಗೆ ಬೇಯಿಸಿ, 400 ಗ್ರಾಂ ಬೆಲ್ಲ ಹಾಕಿ ಕುದಿಸಿ, ಮೊದಲ ಹಿಂಡಿಕೆಯ ದಪ್ಪಹಾಲನ್ನು ಮಾತ್ರ ಒಲೆಯಿಂದ ಇಳಿಸುವ ಹೊತ್ತಿಗೆ ಎರೆಯಬೇಕು. ಬೇಳೆ ಪೂರ್ತಿ ಬೇಯುವ ಮೊದಲು ಬೆಲ್ಲ ಹಾಕಿದರೆ ಅದು ಆಮೇಲೆ ಬೇಯುವುದೇ ಇಲ್ಲ.

ಕೆಲಸವನ್ನು ಹಿಂದಿನ ರಾತ್ರಿಗೆ ಹಂಚಿಕೊಳ್ಳಿ, ಆದರೆ ಎಲ್ಲವನ್ನೂ ಅಲ್ಲ. ಬೇಳೆ ಹುರಿದಿಡಬಹುದು, ಬೆಲ್ಲ ಪುಡಿಮಾಡಬಹುದು, ಅಲಸಂಡೆ ತುಂಡರಿಸಬಹುದು. ಕಾಯಿ ಒಡೆಯುವುದು, ತುರಿಯುವುದು, ಸೌತೆಯ ಕಹಿ ನೋಡುವುದು ಬೆಳಗ್ಗೆಯೇ ಆಗಬೇಕು. ಬಂದವರಿಗೂ ಕೆಲಸ ಕೊಡಿ. ಕಾಯಿ ತುರಿಯುವವರು ಒಬ್ಬರು, ಎಲೆ ತೊಳೆಯುವವರು ಒಬ್ಬರು; ಎಂಟು ವರ್ಷದ ಮೊಮ್ಮಗಳು ತಂಬುಳಿಗೆ ಒಂದೆಲಗ ಆರಿಸಿ ತಂದಿದ್ದರೆ ಆ ದಿನ ಬೇರೇನೂ ಬೇಡವೆಂದು ಎರಡು ಸಲ ತಂಬುಳಿಯನ್ನೇ ಹಾಕಿಸಿಕೊಳ್ಳುತ್ತಾಳೆ. ಅಡುಗೆಮನೆಯಲ್ಲಿ ಐದಾರು ಮಂದಿ ಸೇರಿ ಮಾತಾಡುತ್ತ ಮಾಡಿದ ಮೇಲಾರಕ್ಕೆ ನಾನೊಬ್ಬನೇ ಮಾಡಿದ್ದಕ್ಕಿಂತ ಹೆಚ್ಚು ರುಚಿಯಿದೆ ಎಂದು ನನಗೆ ಪ್ರತಿ ವರ್ಷ ಅನಿಸುತ್ತದೆ.

ಹೊರಡುವವರ ಚೀಲಕ್ಕೆ ಏನು ಹಾಕಬೇಕು ಎಂಬುದನ್ನೂ ಮೊದಲೇ ಯೋಚಿಸಿಟ್ಟುಕೊಳ್ಳಬೇಕು. ಜುಟ್ಟು ಬಿಟ್ಟು ಸುಲಿದ ನಾಲ್ಕು ಕಾಯಿ, ಗಾಳಿಯಾಡದ ಡಬ್ಬಿಯಲ್ಲಿ ಪುನರ್ಪುಳಿ ಸಿಪ್ಪೆ, ಕಾಗದದಲ್ಲಿ ಸುತ್ತಿದ ಹಪ್ಪಳ, ಒಂದು ಸಣ್ಣ ಬಾಟಲಿ ಉಪ್ಪುಸೊಳೆ. ಮಗಳು ಈಗ ಬೆಂಗಳೂರಿನಲ್ಲಿ ಒಬ್ಬಳೇ ಇದ್ದಾಳೆ, ಅವಳ ಕೋಣೆಯಲ್ಲಿಯೂ ಇರುವುದು ಒಂದೇ ಒಲೆ. ಕಳೆದ ವಿಷು ಮುಗಿದ ಮೇಲೆ ಅವಳ ಸಣ್ಣ ಪಾತ್ರೆಯ ಅಳತೆ ತೆಗೆದು, ರಟ್ಟಿನ ಪೆಟ್ಟಿಗೆಯೊಳಗೆ ಹಳೆಯ ಕಂಬಳಿ ಒತ್ತಿ ತುಂಬಿ, ಮೇಲಿನ ದಿಂಬನ್ನು ಅಬ್ಬೆಯ ಹಳೆಯ ಸೀರೆಯಲ್ಲಿ ಹೊಲಿದು, ಬಸ್ಸಿನ ಮೇಲೆ ಕಟ್ಟಿ ಕಳುಹಿಸಿಕೊಟ್ಟೆ.